ನೀಲಿ ಸರೋವರಕ್ಕೆ ಹೋದ ದಿನ

ಮೊಸ್ತೇರುಶ್, ಫೋಗು ದ್ವೀಪ
9 ಫೆಬ್ರವರಿ 1997

ಪ್ರೀತಿಯ ಅಕ್ಕ ಪಲ್ಮೀರಾ,

ನನ್ನ ಮಂಡಿನೋವು ಬಿಟ್ಟರೆ ಮನೆಯಲ್ಲಿ ಹೇಳಿಕೊಳ್ಳುವಂಥ ಕಾಯಿಲೆ ಯಾರಿಗೂ ಇಲ್ಲ. ಕಾಫಿ ಈ ಸಲ ಪರವಾಗಿಲ್ಲ. ಎರಡು ವರ್ಷದ ಹಿಂದೆ ನಮ್ಮ ಬೆಟ್ಟ ಉಗುಳಿದ ಬೂದಿ ಗಿಡಕ್ಕೆ ಒಳ್ಳೆಯದೇ ಮಾಡಿತು ಅಂತ ಗಂಡಸರು ಹೇಳ್ತಾರೆ. ಒಗೆದು ಹರವಿದ ಬಟ್ಟೆಗೆ ಏನು ಮಾಡಿತು ಅಂತ ನಮ್ಮನ್ನು ಯಾರೂ ಕೇಳಲಿಲ್ಲ.

ಈಗ ಸುದ್ದಿ ಹೇಳ್ತೀನಿ, ಕೂತ್ಕೋ. ನನ್ನ ಮಗಳು ಒದೇತ್ ನಿಮ್ಮ ಸಾವೊ ತೊಮೆಗೆ ಬರ್ತಿದ್ದಾಳೆ! ಜುಲೈನಲ್ಲಿ ಅಲ್ಲಿ ಮೇಷ್ಟ್ರುಗಳದ್ದೊಂದು ಸಭೆಯಂತೆ. ನಾಲ್ಕು ದಿನ ಸಭೆ, ಐದನೇ ದಿನ ಬಿಡುವು. "ಆ ದಿನ ಪೂರ್ತಿ ದೊಡ್ಡಮ್ಮನಿಗೆ" ಅಂತ ಈಗಲೇ ಹೇಳಿಬಿಟ್ಟಿದ್ದಾಳೆ.

ಅವಳು ಭೂಗೋಳ ಹೇಳಿಕೊಡ್ತಾಳೆ ಅಂತ ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ನಿನ್ನ ಹಳೇ ಕಾಗದಗಳನ್ನು ಕ್ಲಾಸಿನಲ್ಲಿ ಓದಿ ಹೇಳ್ತಾಳೆ. ಕೂತ ನಾಯಿಯ ಹಾಗಿರುವ ಬೆಟ್ಟ, ಸಮುದ್ರ ಆಕಾಶಕ್ಕೆ ಉಗುಳುವ ನರಕದ ಬಾಯಿ, ಆ ನೀಲಿ ಸರೋವರ. ಮಕ್ಕಳು ಸರೋವರದ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ. ನೀನು ಬರೆದ ಹಾಗೇ ಬಾತುಕೋಳಿಗಳು, ಬಟ್ಟೆ ಒಗೆಯುವ ಹೆಂಗಸರು, ಎಲ್ಲ ಇದೆ.

ಒಂದು ಕಾರು ಗೊತ್ತುಮಾಡಿ ಅವಳಿಗೆ ಎಲ್ಲ ತೋರಿಸು. ಮೂವತ್ತೊಂಬತ್ತು ವರ್ಷ ಅಲ್ಲಿದ್ದೀಯ, ಒಂದೊಂದು ತಿರುವೂ ನಿನಗೆ ಬಾಯಿಪಾಠ ಇರಬೇಕು. ನಾನಂತೂ ಕಪ್ಪು ಕಲ್ಲು, ಕಪ್ಪು ಮರಳು ಬಿಟ್ಟು ಬೇರೆ ನೋಡದವಳು. ನನ್ನ ಮಗಳಾದರೂ ನೋಡಲಿ.

ನಿನ್ನ ತಂಗಿ
ಇದಲೀನಾ


ಸಾವೊ ತೊಮೆ
16 ಮಾರ್ಚ್ 1997

ತಂಗಿ ಇದಲೀನಾ,

ಒದೇತ್ ಬರ್ತಾಳೆ ಅಂತ ಓದಿ, ಕೋಕೋ ಒಣಗಿಸುವ ಅಂಗಳದಲ್ಲೇ ಎರಡು ಸುತ್ತು ಕುಣಿದೆ. ಜೊತೆಯ ಹೆಂಗಸರು ನನಗೆ ಬಿಸಿಲು ತಲೆಗೇರಿತು ಅಂದುಕೊಂಡರು.

ಕಾರಿನ ವಿಷಯ ಮಾತ್ರ ಸ್ವಲ್ಪ ಯೋಚನೆ ಮಾಡು. ಜುಲೈನಲ್ಲಿ ಇಲ್ಲಿ ಮಳೆ ಇರಲ್ಲ, ಆದರೆ ಮೋಡ ಇರ್ತದೆ. ಬೆಟ್ಟ ಕಾಣೋದೇ ಕಷ್ಟ. ದಕ್ಷಿಣದ ರಸ್ತೆ ಹಾಳಾಗಿದೆ ಅಂತಾರೆ. ನರಕದ ಬಾಯಿ ಆ ಕಾಲದಲ್ಲಿ ಅಷ್ಟೇನೂ ಉಗುಳಲ್ಲ. ಸರೋವರವೂ ಅಷ್ಟು ನೀಲಿ ಇರಲ್ಲ. ಬಾತುಕೋಳಿಗಳಂತೂ ಈಗ ಇಲ್ಲವೇ ಇಲ್ಲ, ಎಲ್ಲಿಗೋ ಹೋದವು. ಅವನ್ನು ಅಳಿಸಿಬಿಡಿ ಅಂತ ಮಕ್ಕಳಿಗೆ ಹೇಳಿಸು.

ನಾಲ್ಕು ದಿನ ಸಭೆಯಲ್ಲಿ ಕೂತ ಹುಡುಗಿಗೆ ಸುಸ್ತಾಗಿರ್ತದೆ. ನನ್ನ ಮನೆಯಲ್ಲಿ ಕಾಲು ಚಾಚಿ ಕೂತಿರಲಿ. ನಮ್ಮೂರ ಕಶೂಪ ಬೇಯಿಸ್ತೀನಿ, ಜೋಳ ಅವರೆ ಎಲ್ಲ ಈಗಿನಿಂದಲೇ ಎತ್ತಿಡ್ತೀನಿ. ಜೀಗುಜ್ಜೆ ಕೆಂಡದಲ್ಲಿ ಸುಟ್ಟುಕೊಡ್ತೀನಿ. ಬೆಟ್ಟ ಎಲ್ಲಿಗೆ ಓಡಿಹೋಗ್ತದೆ? ಇನ್ನೊಂದು ಸಲ ನೋಡಿದರಾಯ್ತು.

ಮಂಡಿಗೆ ತಾಳೆ ಎಣ್ಣೆ ಬಿಸಿ ಮಾಡಿ ಹಚ್ಚು.

ಪಲ್ಮೀರಾ


ಮೊಸ್ತೇರುಶ್
20 ಏಪ್ರಿಲ್ 1997

ಅಕ್ಕ,

ನಿನ್ನ ಕಾಗದ ಮೂರು ಸಲ ಓದಿದೆ. ಮೂರು ಸಲವೂ ಒಂದೇ ಅರ್ಥ ಬಂತು: ಬೇಡ.

ಇಷ್ಟು ವರ್ಷ "ಇಲ್ಲಿ ಎಷ್ಟು ಚೆಂದ, ಎಷ್ಟು ಹಸಿರು" ಅಂತ ಬರೆದವಳು ನೀನು. ಈಗ ನನ್ನ ಮಗಳು ಒಂದು ದಿನ ನೋಡ್ತೀನಿ ಅಂದ ಕೂಡಲೇ ಮೋಡ ಬಂತು, ರಸ್ತೆ ಹೋಯ್ತು, ಬಾತುಕೋಳಿಯೂ ಹಾರಿತು.

ಅಮ್ಮ ತೀರಿಕೊಂಡ ವರ್ಷವೇ ನಿನಗೊಂದು ಮಾತು ಬರೀಬೇಕು ಅಂತಿದ್ದೆ. ಹದಿನಾಲ್ಕು ವರ್ಷ ಬರೀಲಿಲ್ಲ. ಈಗ ಬರೀತೀನಿ. ಅಮ್ಮ ಹಾಸಿಗೆ ಹಿಡಿದಾಗ ಅವಳನ್ನು ಮಗ್ಗುಲು ಮಾಡಿಸಿದ್ದು ನಾನು, ಮೈ ಒರೆಸಿದ್ದು ನಾನು. ಬಾಯಿಗೆ ಗಂಜಿ ಇಡಲು ಹೋದರೆ, "ಮೊದಲು ಅಕ್ಕನ ಸರೋವರದ ಕಾಗದ ಓದು" ಅನ್ನೋಳು. ಓದ್ತಿದ್ದೆ. ಗಂಜಿ ಆರಿಹೋಗ್ತಿತ್ತು. ಕೊನೆಗೆ ಅವಳನ್ನು ಮಣ್ಣು ಮಾಡುವಾಗ ನೀನು ಬರಲಿಲ್ಲ. ಅಂಥ ಸರೋವರ ಇದ್ದವಳು ಈ ಬೂದಿಗೆ ಯಾಕೆ ಬರ್ತಾಳೆ ಅಂತ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೀನಿ.

ತೊಂದರೆ ಅನ್ನಿಸಿದರೆ ನೇರವಾಗಿ ಹೇಳು. ಒದೇತ್ ಹೋಟೆಲಿನಲ್ಲೇ ಇದ್ದು ಬರ್ತಾಳೆ.

ಇದಲೀನಾ


ಸಾವೊ ತೊಮೆ
25 ಮೇ 1997

ಇದಲೀನಾ,

ಅವಳನ್ನು ಕಳಿಸು. ಕಾರು ಗೊತ್ತುಮಾಡಿದ್ದೀನಿ. ಎಲ್ಲ ತೋರಿಸ್ತೀನಿ.

ಅಮ್ಮನ ವಿಷಯ ಬರೆದದ್ದನ್ನು ಓದಿದೆ. ಉತ್ತರ ಇದೆ. ಈಗ ಬರೆಯಲು ಕೈ ಬರ್ತಿಲ್ಲ.

ಪಲ್ಮೀರಾ


ಸಾವೊ ತೊಮೆ
20 ಜುಲೈ 1997

ತಂಗಿ,

ಒದೇತ್ ನಿನ್ನೆ ವಿಮಾನ ಹತ್ತಿದಳು. ಈ ಕಾಗದ ಅವಳ ಕೈಯಲ್ಲೇ ಕಳಿಸಬಹುದಿತ್ತು. "ಬೇಡ ದೊಡ್ಡಮ್ಮ, ಅಂಚೆಯಲ್ಲೇ ಬರಲಿ. ನಾನು ತಂದುಕೊಟ್ಟರೆ ಅಮ್ಮ ಕಾಗದ ಓದಲ್ಲ, ನನ್ನ ಮುಖ ಓದ್ತಾಳೆ" ಅಂದಳು. ನಿನ್ನನ್ನು ಚೆನ್ನಾಗಿ ಅರಿತಿದ್ದಾಳೆ.

ಡ್ರೈವರ್‌ನಿಂದ ಶುರುಮಾಡ್ತೀನಿ. ಹೆಸರು ಗೌದೆನ್ಸಿಯು. ಹಳದಿ ಟ್ಯಾಕ್ಸಿ. ಹಿಂದಿನ ಬಾಗಿಲಿಗೆ ಹಗ್ಗ, ಕಿಟಕಿ ಇಳಿಸುವ ಹಿಡಿ ನಾಲ್ಕು ಬಾಗಿಲಿಗೂ ಸೇರಿ ಒಂದೇ. ಬೇಕಾದವರು ಕೇಳಿ ಇಸಿದುಕೊಳ್ಳಬೇಕು. ಹಿಂದಿನ ದಿನ ಅವನ ಹತ್ತಿರ ಹೋಗಿ ಹೇಳಿದೆ:

"ನೋಡಪ್ಪ, ಈ ದ್ವೀಪದಲ್ಲಿ ನಮ್ಮ ತೋಟ, ಪೇಟೆಯ ಸಂತೆ, ಆಸ್ಪತ್ರೆ ಬಿಟ್ಟು ನಾನು ಏನೂ ನೋಡಿಲ್ಲ. ಆದರೆ ನಾಳೆ ಎಲ್ಲ ನಾನೇ ತೋರಿಸಬೇಕು."

ಅವನು ತಲೆ ಕೆರೆದುಕೊಂಡ. "ಅದು ಹೆಂಗಮ್ಮ ಆಗ್ತದೆ?"

"ನೋಡುವಂಥದ್ದು ಬಂದಾಗ ನೀನು ಕೆಮ್ಮು. ಬೆಟ್ಟಕ್ಕೆ ಒಂದು ಕೆಮ್ಮು, ನೀರಿಗೆ ಎರಡು. ಮಿಕ್ಕಿದ್ದು ನನಗೆ ಬಿಡು."

ಹೌದು ಇದಲೀನಾ, ಸರಿಯಾಗೇ ಓದಿದೆ. ನಾನು ಬರೆದ ಒಂದು ಜಾಗವನ್ನೂ ನಾನು ನೋಡಿರಲಿಲ್ಲ. ಯಾಕೆ ಅಂತ ಹೇಳ್ತೀನಿ. ಮೊದಲು ಸ್ವಲ್ಪ ನಗು, ಆಮೇಲೆ ಬೈಯುವೆಯಂತೆ.

ಬೆಳಿಗ್ಗೆ ಆರಕ್ಕೆ ಒದೇತ್ ಬಂದಳು. ನಿನ್ನದೇ ಹಣೆ, ಜಗಳಕ್ಕೆ ನಿಂತಾಗ ಮುಂದೆ ಬರುವ ನಿನ್ನದೇ ಗಲ್ಲ. ತಬ್ಬಿಕೊಂಡು ಇಬ್ಬರೂ ಅತ್ತೆವು. ಆಮೇಲೆ ಅವಳು ಚೀಲದಿಂದ ನೋಟ್‌ಬುಕ್ಕು ಪೆನ್ಸಿಲ್ಲು ತೆಗೆದಳು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ತಾಳಂತೆ! ತೋರಿಸುವವಳು ನಾನಲ್ಲವೇ, ಮುಂದಿನ ಸೀಟಿನಲ್ಲಿ ಠೀವಿಯಿಂದ ಕೂತೆ.

ಗೌದೆನ್ಸಿಯುಗೆ ಅವತ್ತು ನಿಜವಾಗಿಯೂ ನೆಗಡಿ.

ಮೊದಲ ತಿರುವಿನಲ್ಲೇ ಒಂದು ಕೆಮ್ಮು. ನೋಡಿದರೆ ಬರೀ ಮಂಜು. "ಒದೇತ್, ಆ ಮಂಜಿನ ಹಿಂದೆ ದೊಡ್ಡದೊಂದು ಬೆಟ್ಟ ಇದೆ" ಅಂದೆ. ಅವಳು ಬರೆದುಕೊಂಡಳು. ಆಮೇಲೆ ಎರಡು ಕೆಮ್ಮು. ತಡಮಾಡದೆ ಕೈ ಚಾಚಿ, "ಇದು ಇಲ್ಲಿಯ ಹೆಸರುವಾಸಿ ನೀರು" ಅಂದೆ. ಅದು ಯಾರದೋ ಹಂದಿಗೂಡಿನ ಚರಂಡಿ.

"ಇದರ ಹೆಸರೇನು ದೊಡ್ಡಮ್ಮ?"

"ಹಂದಿಹಳ್ಳ" ಅಂದೆ. ಅದನ್ನೂ ಬರೆದುಕೊಂಡಳು! ಗೌದೆನ್ಸಿಯು ನಗು ತಡೆಯಲಾರದೆ ಮತ್ತೆ ಕೆಮ್ಮಿದ, ನಾನು ಮತ್ತೇನನ್ನೋ ತೋರಿಸಿದೆ. ಹೀಗೆ ಆಗುಝೆ ಊರು ದಾಟುವಷ್ಟರಲ್ಲಿ ಏಳು ಬೆಟ್ಟ ನಾಲ್ಕು ನದಿ ಆಗಿದ್ದವು.

ನರಕದ ಬಾಯಿ ಬಂತು. ಕರೀ ಬಂಡೆ, ನಮ್ಮೂರ ಬಂಡೆಯಂಥದ್ದೇ. ಸಮುದ್ರ ಅದರ ಕೆಳಗೆ ಒಂದು ಬಿರುಕಿನಲ್ಲಿ ನುಗ್ಗಿ, ಒಳಗೆ ಗುಡುಗಿ, ಮೇಲಕ್ಕೆ ಹಾರ್ತದೆ. ಮೊದಲ ಸಲ ಅದು ಹಾರಿದಾಗ "ಅಯ್ಯೋ ದೇವರೇ" ಅಂತ ಗೌದೆನ್ಸಿಯುನ ಅಂಗಿ ಹಿಡಿದೆ, ಗುಂಡಿ ಕಿತ್ತು ಬಂತು. ತಲೆಯಿಂದ ಕಾಲಿನವರೆಗೆ ನೆನೆದು ತೊಪ್ಪೆಯಾದೆ. ಒದೇತ್ ಫೋಟೋ ತೆಗೆದಳು.

"ದೊಡ್ಡಮ್ಮ, ಪ್ರತಿ ತಿಂಗಳೂ ಇಲ್ಲಿಗೆ ಬರ್ತೀನಿ, ಏನೂ ಭಯ ಇಲ್ಲ ಅಂತ ಬರೆದಿದ್ರಿ?"

"ಆಗ ನಾನು ಚಿಕ್ಕವಳು ಕಣೆ. ಸಮುದ್ರವೂ ಚಿಕ್ಕದಿತ್ತು" ಅಂದೆ.

ಅವಳು ನೋಟ್‌ಬುಕ್ಕು ಮಡಿಸಿ ಚೀಲಕ್ಕೆ ಹಾಕಿದಳು.

ಅಂಗೊಲಾರಿಶ್ ಅನ್ನೋ ಊರಲ್ಲಿ ಊಟ ಮಾಡಿದೆವು. ಮರದ ಕೆಳಗೆ ಹೆಂಗಸೊಬ್ಬಳು ಮೀನು ಹುರೀತಿದ್ದಳು. ಜೊತೆಗೆ ಸುಟ್ಟ ಜೀಗುಜ್ಜೆ, ಬಾಳೆಕಾಯಿ, ಉರಿಯುವ ಮೆಣಸಿನಕಾಯಿ. ಉಟ್ಟ ಬಟ್ಟೆ ಮೈಮೇಲೇ ಒಣಗಿತು. ಜೀಗುಜ್ಜೆ ಇನ್ನಷ್ಟು ಕಟ್ಟಿಸಿಕೊಂಡು ಹೊರಟೆವು. ಹೆಸರೇ ಇಲ್ಲದ ಸುಖವೊಂದು ನನಗೆ ಅಲ್ಲಿಂದ ಶುರುವಾಯ್ತು. ಸುಳ್ಳು ಹೇಳಲು ಬಂದವಳು ಅನ್ನೋದೇ ಮರೆತುಹೋಗ್ತಿತ್ತು.

ದೊಡ್ಡ ನಾಯಿ ಬೆಟ್ಟದ ಹತ್ತಿರ ಬಂದಾಗ ಮೋಡವೋ ಮೋಡ. ಗೌದೆನ್ಸಿಯು ಕಾರು ನಿಲ್ಲಿಸಿ, "ಕಾಯೋಣ, ಅದಕ್ಕೆ ಮನಸ್ಸು ಬಂದಾಗ ಕಾಣ್ತದೆ" ಅಂದ. ಅರ್ಧ ಗಂಟೆ ಕಾದೆವು. ಮೋಡ ಮೆಲ್ಲಗೆ ಜಾರಿತು. ಇದಲೀನಾ, ನೀನು ನೋಡಬೇಕಿತ್ತು. ಕಾಡಿನ ನಡುವೆ ಒಂದೇ ಒಂದು ಕಲ್ಲು, ಸುತ್ತ ಯಾವ ಬೆಟ್ಟದ ಆಸರೆಯೂ ಇಲ್ಲದೆ ಆಕಾಶಕ್ಕೆ ನೆಟ್ಟಗೆ ಎದ್ದು ನಿಂತಿದೆ. ನಾಯಿಯೂ ಇಲ್ಲ, ಏನೂ ಇಲ್ಲ.

"ಕಿವಿ ಎಲ್ಲಿ ದೊಡ್ಡಮ್ಮ? ಒಂದು ಕಿವಿ ಮಡಿಸಿ ಕೂತಿದೆ ಅಂತ ಬರೆದಿದ್ರಿ."

ನಾನು ಡ್ರೈವರ್ ಕಡೆ ನೋಡಿದೆ. ಗೌದೆನ್ಸಿಯು ಮುಂದೆ ಬಂದ. "ಕಿವಿ ಈಚೆಗೆ ಬಿದ್ದುಹೋಯ್ತು ಮೇಡಂ."

ಒದೇತ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಅವಳೇ ನಮ್ಮಿಬ್ಬರಿಗೂ ಪಾಠ ಮಾಡಿದಳು: ಅದು ಸತ್ತ ಜ್ವಾಲಾಮುಖಿಯ ಗಂಟಲಂತೆ. ಒಳಗಿನ ಬೆಂಕಿ ಗಂಟಲಲ್ಲೇ ಸಿಕ್ಕಿಕೊಂಡು ಕಲ್ಲಾಯಿತು, ಸುತ್ತಲಿನ ಬೆಟ್ಟವೆಲ್ಲ ಮಳೆಗೆ ಸವೆದುಹೋಯಿತು.

ನಾಲ್ಕು ಗಂಟೆಗೆ ಉತ್ತರಕ್ಕೆ ಬಂದೆವು. ಅಲ್ಲಿ ಕಾಡಿಲ್ಲ, ಒಣ ಹುಲ್ಲು, ಹೊಟ್ಟೆ ಬಿಟ್ಟ ದೊಡ್ಡ ದೊಡ್ಡ ಮರ. ಗೌದೆನ್ಸಿಯು ಎರಡು ಸಲ ಕೆಮ್ಮಿದ. ಇಳಿಜಾರಿನ ಕೆಳಗೆ ನೀಲಿ, ನೀಲಿ ಅಂದರೆ ಎಂಥ ನೀಲಿ! "ಒದೇತ್, ನನ್ನ ಸರೋವರ!" ಅಂತ ಕೂಗೇ ಬಿಟ್ಟೆ. ಅವಳು ಓಡಿದಳು. ಬಗ್ಗಿ ಬೊಗಸೆ ತುಂಬಿಕೊಂಡು ನಾಲಿಗೆಗೆ ಹಚ್ಚಿದಳು.

"ದೊಡ್ಡಮ್ಮ, ಇದು ಉಪ್ಪು."

"ಅಂದರೆ?"

"ಇದು ಸಮುದ್ರ ದೊಡ್ಡಮ್ಮ. ಕೊಲ್ಲಿ. ಸರೋವರ ಅನ್ನೋದು ಬರೀ ಹೆಸರು." ನನ್ನ ಕೈ ಹಿಡಿದಳು. "ಬಾತುಕೋಳಿ ಎಲ್ಲಿರ್ತಿದ್ವು?"

ಗೌದೆನ್ಸಿಯು ಕೆಮ್ಮಿದ. ಆದರೆ ತೋರಿಸಲು ಏನೂ ಉಳಿದಿರಲಿಲ್ಲ. ನಾನು ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳ್ತೀನಿ.

ಹತ್ತೊಂಬತ್ತನೇ ವಯಸ್ಸಿಗೆ ಕೂಲಿ ಕರಾರಿನ ಮೇಲೆ ನಾನು ಇಲ್ಲಿ ಹಡಗಿನಿಂದ ಇಳಿದೆ. ಇಳಿದವಳನ್ನು ಲಾರಿಗೆ ಹತ್ತಿಸಿದರು, ಲಾರಿ ತೋಟದಲ್ಲಿ ನಿಂತಿತು. ಚೀಟಿ ಇಲ್ಲದೆ ಗೇಟು ದಾಟುವಂತಿರಲಿಲ್ಲ. ನನಗೆ ಅಕ್ಷರ ಬರ್ತಿರಲಿಲ್ಲ. ತೋಟದ ಆಸ್ಪತ್ರೆಯಲ್ಲಿ ಕ್ವಾರೆಜ್ಮ ಅಂತ ಕಂಪೌಂಡರ್ ಇದ್ದರು, ಎಲ್ಲರಿಗೂ ಅವರೇ ಬರೆದುಕೊಡೋರು. ಮೊದಲ ಕಾಗದಕ್ಕೆ ನಾನು ಹೇಳಿದ್ದು ಒಂದೇ ಸಾಲು: "ಅಮ್ಮ, ಹೇಗಾದರೂ ಮಾಡಿ ನನ್ನನ್ನು ಮನೆಗೆ ಕರೆಸಿಕೋ."

ಅವರು ಪೆನ್ನು ಕೆಳಗಿಟ್ಟರು. "ಮಗಳೇ, ಆಫೀಸಿನವರು ಓದದೆ ಒಂದು ಕಾಗದವೂ ಹೊರಗೆ ಹೋಗಲ್ಲ. ಇದನ್ನು ಬರೆದರೆ ಒಲೆಗೆ ಹೋಗ್ತದೆ. ನೀನು ಬದುಕಿದ್ದೀಯ ಅಂತಾದರೂ ಅಮ್ಮನಿಗೆ ಗೊತ್ತಾಗಬೇಡವೇ?" ಅಂದರು. ಗೋಡೆಯಲ್ಲಿ ದ್ವೀಪದ ನಕಾಶೆ ಇತ್ತು. ಅದರಲ್ಲಿ ಹೆಸರು ನೋಡಿ ಅವರು ನೀಲಿ ಸರೋವರ ಬರೆದರು. ಬಾತುಕೋಳಿಯೂ ಅವರದೇ. ಪಾಪ, ಅವರೂ ನೋಡಿರಲಿಲ್ಲ. ನೋಡಿದ್ದರೆ ಉಪ್ಪು ನೀರಿಗೆ ಬಾತುಕೋಳಿ ಬಿಡ್ತಿದ್ದರೇ?

ಬಿಳಿಯರು ಹೋದ ಮೇಲೆ ಗೇಟು ತೆರೆಯಿತು, ನಾನು ಅಕ್ಷರ ಕಲಿತೆ. ಆಗ ನಿಜ ಬರೀಬಹುದಿತ್ತು. ಆದರೆ ನೀನೇ ಬರೆದಿದ್ದೆ, ಅಮ್ಮ ಆ ಕಾಗದ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಾಳೆ ಅಂತ. ದಿಂಬಿನ ಕೆಳಗಿದ್ದದ್ದನ್ನು ಹೇಗೆ ಎಳೆದುಕೊಳ್ಳಲಿ? ಅದಕ್ಕೇ ಕ್ವಾರೆಜ್ಮರ ದಾರಿಯಲ್ಲೇ ನಾನೂ ಬರೆದೆ. ಅಮ್ಮ ಹೋದ ಮೇಲೆ ಬರೀ ನಾಚಿಕೆ.

ಅಮ್ಮ ಹೋದ ಸುದ್ದಿಯ ತಂತಿ ನನ್ನ ಕೈಗೆ ಬಂದದ್ದು ಹನ್ನೊಂದನೇ ದಿನಕ್ಕೆ. ಹಡಗೂ ಇರಲಿಲ್ಲ, ದಾರಿಯೂ ಇರಲಿಲ್ಲ. ಅವತ್ತು ಅಂಗಳದಲ್ಲಿ ಕಾಲಿನಿಂದ ಕೋಕೋ ತಿರುವುತ್ತಾ ತಿರುವುತ್ತಾ ಅತ್ತೆ. ಒಣಗಿದ್ದನ್ನು ಮತ್ತೆ ನೆನೆಸ್ತೀಯ ಅಂತ ನಿನ್ನ ಭಾವ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಇದನ್ನೂ ನಿನಗೆ ಬರೀಲಿಲ್ಲ. ಸರೋವರದ ಪಕ್ಕ ಇದಕ್ಕೆ ಜಾಗ ಇರಲಿಲ್ಲ.

ಒದೇತ್ ಎಲ್ಲ ಕೇಳಿದಳು. ಆಮೇಲೆ, "ಹಂದಿಹಳ್ಳ?" ಅಂದಳು.

"ಅದು ಚರಂಡಿ."

ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಗೌದೆನ್ಸಿಯು ನಕ್ಕ, ನಾನೂ ನಕ್ಕೆ. ಅವಳು ಕಣ್ಣೊರೆಸಿಕೊಂಡು ಚಪ್ಪಲಿ ಬಿಟ್ಟಳು. "ಏಳಿ ದೊಡ್ಡಮ್ಮ, ಹಾಗಾದ್ರೆ ಇವತ್ತು ನಾವಿಬ್ರೂ ಹೊಸಬರೇ" ಅಂತ ನನ್ನನ್ನು ನೀರಿಗೆ ಎಳೆದಳು. ಮಂಡಿವರೆಗೆ, ಆಮೇಲೆ ಸೊಂಟದವರೆಗೆ. ನೀರು ಬೆಚ್ಚಗಿತ್ತು. ನನ್ನ ಕಾಲಬೆರಳು ನನಗೆ ಕಾಣ್ತಿತ್ತು. ಗೌದೆನ್ಸಿಯು ದಡದಲ್ಲಿ ಕೂತು, ಕಟ್ಟಿಸಿಕೊಂಡು ಬಂದ ಜೀಗುಜ್ಜೆಯನ್ನೆಲ್ಲ ತಿಂದು ಮುಗಿಸಿದ.

ಇಷ್ಟು. ಈಗ ಬೈ.

ನಿನ್ನ ಅಕ್ಕ
ಪಲ್ಮೀರಾ


ಮೊಸ್ತೇರುಶ್
14 ಸೆಪ್ಟೆಂಬರ್ 1997

ಅಕ್ಕ,

ಕಾಗದ ಬಂದು ಐದು ವಾರವಾಯ್ತು. ಮೊದಲ ಎರಡು ವಾರ ನಿನ್ನ ಮೇಲೆ ಕೋಪ. ಇಡೀ ಊರಿಗೆ ನಿನ್ನ ಸರೋವರ ಹೇಳಿಕೊಂಡು ತಿರುಗಿದವಳು ನಾನು! ಮೂರನೇ ವಾರ ಕೋಪ ನನ್ನ ಕಡೆಗೇ ತಿರುಗಿತು. ಹದಿನಾಲ್ಕು ವರ್ಷ ಮನಸ್ಸಿನಲ್ಲಿ ನಿನ್ನನ್ನು ಬೈದುಕೊಂಡು ನೀರು ಹೊತ್ತೆ, ಕಾಫಿ ಬಿಡಿಸಿದೆ. ಏನಾಯ್ತು ಅಕ್ಕ ಅಂತ ಒಂದು ಸಾಲು ಕೇಳಲಿಲ್ಲ.

ಒದೇತ್ ಬಂದು ಬಾಯೇ ಬಿಡಲಿಲ್ಲ. "ದೊಡ್ಡಮ್ಮ ಬರೀತಾರೆ" ಅಂತ ಒಂದೇ ಮಾತು. ನಿನ್ನ ಕಾಗದ ಬಂದ ಮೇಲೆ ಫೋಟೋ ಕೊಟ್ಟಳು. ನೆನೆದ ಕೋಳಿಯ ಹಾಗಿದ್ದೀಯ, ಬಾಯಿ ಅಗಲ ತೆಗೆದು ನಗ್ತಿದ್ದೀಯ. ಮುಂದಿನ ಎರಡು ಹಲ್ಲು ಯಾವಾಗ ಹೋದವು? ಅದನ್ನೂ ಬರೆದಿರಲಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ಅಮ್ಮ ಹೋಗುವ ಮುಂಚಿನ ತಿಂಗಳು, ನಾನು ಕಾಗದ ಓದಿ ಮುಗಿಸಿದಾಗ ಅಂದಳು: "ನಿನ್ನ ಅಕ್ಕ ಆ ಸರೋವರ ನೋಡೇ ಇಲ್ಲ ಕಣೆ."

"ನಿನಗೆ ಹೆಂಗೆ ಗೊತ್ತು?"

"ಹೋದವಳು ಅಲ್ಲಿ ಏನು ತಿಂದೆ ಅಂತ ಬರೀತಿರಲಿಲ್ವಾ? ಪಲ್ಮೀರಾ ಊಟದ ಮಾತಿಲ್ಲದೆ ಒಂದು ದಿನ ಕಳೆದವಳಲ್ಲ."

"ಹಂಗಾದ್ರೆ ದಿನಾ ಯಾಕೆ ಓದಿಸ್ತೀಯ?"

"ಸುಳ್ಳು ಬರೆಸೋಕಾದರೂ ಕೂತಿದ್ದಳಲ್ಲ. ಬದುಕಿದ್ದಳಲ್ಲ. ನನಗೆ ಅಷ್ಟು ಸಾಕು. ಓದು."

ಜ್ವರದಲ್ಲಿ ಏನೋ ಬಡಬಡಿಸ್ತಾಳೆ ಅಂದುಕೊಂಡೆ. ನಿನಗೆ ಅವಮಾನ ಆಗ್ತದೆ ಅಂತ ಬರೀಲಿಲ್ಲ. ಈ ಸಲದ ಕಾಗದದಲ್ಲಿ ಮೀನು, ಬಾಳೆಕಾಯಿ, ಮೆಣಸಿನಕಾಯಿ ಎಲ್ಲ ಇತ್ತು. ಅಮ್ಮ ಇದ್ದಿದ್ದರೆ ನಂಬ್ತಿದ್ದಳು.

ಒದೇತ್ ಕ್ಲಾಸಿನಲ್ಲಿ ನಿಜ ಹೇಳಿದಳಂತೆ. ಮಕ್ಕಳು ಬಾತುಕೋಳಿ ಅಳಿಸಲು ಒಪ್ಪಲಿಲ್ಲ. ಅಳಿಸಿದರೆ ಅವು ಎಲ್ಲಿಗೆ ಹೋಗಬೇಕು ಅಂತ ಒಬ್ಬಳು ಅತ್ತೇ ಬಿಟ್ಟಳಂತೆ.

ಇನ್ನೊಂದು ಮಾತು. ಮನೆಗೆ ಕರೆಸಿಕೋ ಅಂತ ನೀನು ಹೇಳಿದ್ದು ನಮಗೆ ಈಗ ತಲುಪಿತು. ಅಮ್ಮ ಇಲ್ಲ, ನಾನಿದ್ದೀನಿ. ಕರೀತಿದ್ದೀನಿ ಅಕ್ಕ, ಬಾ. ಟಿಕೆಟ್ಟು ಒದೇತ್ ನೋಡಿಕೊಳ್ತಾಳೆ, ಬೇಡ ಅನ್ನಬೇಡ.

ಇದಲೀನಾ


ಸಾವೊ ತೊಮೆ
26 ಅಕ್ಟೋಬರ್ 1997

ಇದಲೀನಾ,

ಅಮ್ಮನ ಮಾತು ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಒಲೆಯ ಮೇಲಿದ್ದ ಅವರೆ ಸೀದುಹೋಯ್ತು.

ಬರ್ತೀನಿ. ಎರಡು ತಿಂಗಳು ಇರ್ತೀನಿ. ಮೊದಲು ಅಮ್ಮನ ಸಮಾಧಿಗೆ ಕರೆದುಕೊಂಡು ಹೋಗು, ಆಮೇಲೆ ಮನೆಗೆ. ಆದರೆ ಅಲ್ಲೇ ಉಳಿ ಅಂತ ಮಾತ್ರ ಹಟ ಹಿಡಿಯಬೇಡ. ನಿನ್ನ ಭಾವನನ್ನು ಇಲ್ಲಿ ಮಣ್ಣು ಮಾಡಿದ್ದೀನಿ, ನನ್ನ ಕೋಳಿಗಳು ಇಲ್ಲಿವೆ, ಜೊತೆಯ ಹೆಂಗಸರು ಇಲ್ಲಿದ್ದಾರೆ. ಜುಲೈ ಆದ ಮೇಲೆ ಈ ದ್ವೀಪ ನನಗೆ ಒಂದು ಥರ ಹೊಸದಾಗಿ ಸಿಕ್ಕಿದೆ. ಹೋದ ಭಾನುವಾರ ತೋಟದ ಹೆಂಗಸರು ಹತ್ತು ಜನ ಲಾರಿ ಹತ್ತಿ ನರಕದ ಬಾಯಿಗೆ ಹೋಗಿದ್ದೆವು. ನಾನೇ ಮುಂದೆ ನಿಂತು ಎಲ್ಲ ತೋರಿಸಿದೆ. ಎಲ್ಲಿ ನಿಂತರೆ ನೆನೆಯಲ್ಲ ಅಂತ ಈಗ ನನಗೆ ಗೊತ್ತು, ಯಾರಿಗೂ ಹೇಳಲಿಲ್ಲ.

ಡಿಸೆಂಬರ್ ಆರಕ್ಕೆ ವಿಮಾನ, ಮಧ್ಯಾಹ್ನ ಮೂರಕ್ಕೆ. ಗೌದೆನ್ಸಿಯು ಬೆಳಗ್ಗೆ ಆರಕ್ಕೇ ಬರ್ತಾನಂತೆ. ಇಷ್ಟು ಬೇಗ ಯಾಕಪ್ಪ ಅಂದರೆ, ಮೇಲೆ ಕಾಫಿ ತೋಟಗಳ ಹತ್ತಿರ ಜಲಪಾತ ಇದೆಯಂತೆ, ಅದನ್ನು ನೋಡಿಕೊಂಡೇ ಹೋಗೋಣ ಅಂದ.

ಪಲ್ಮೀರಾ